ಮನೆ ಹತ್ರದ ವ್ಯಾಂಡಲ್: ಇದು ನದಿನಾ, ಹಳ್ಳನಾ?

ಮಿಚಮ್_ಮಂಜ
ಎಲ್ಲರಿಗೂ ನಮಸ್ಕಾರ. ಮನೆಯಲ್ಲೊಂದು ಜಗಳ ಶುರುವಾಗಿದೆ, ಬಗೆಹರಿಸಿಕೊಡಿ. ನಾವು ದಕ್ಷಿಣ ಲಂಡನ್ನಿನ ಮಿಚಮ್‌ಗೆ ಬಂದು ಎಂಟು ತಿಂಗಳಾಯ್ತು. ಮನೆಯಿಂದ ಐದು ನಿಮಿಷ ನಡೆದ್ರೆ ನೀರು ಹರಿಯುತ್ತೆ, ಪಕ್ಕದ ಬೋರ್ಡಲ್ಲಿ ‘ರಿವರ್ ವ್ಯಾಂಡಲ್’ ಅಂತ ಬರೆದಿದೆ. ಮಧುಗಿರಿ ಕಡೆಯಿಂದ ಅಮ್ಮ ಬಂದಿದ್ದಾರೆ. ಮೊನ್ನೆ ಸಂಜೆ ಕರ್ಕೊಂಡ್ ಹೋಗಿ, ‘ನೋಡಮ್ಮ ನದಿ’ ಅಂದೆ. ಸೇತುವೆ ಮೇಲಿಂದ ಬಗ್ಗಿ ನೋಡಿದ್ರು. ನೀರಲ್ಲಿ ಅರ್ಧ ಮುಳುಗಿದ ಶಾಪಿಂಗ್ ಟ್ರಾಲಿ, ಅದರ ಹಿಡಿಕೆ ಮೇಲೆ ತಪಸ್ಸಿಗೆ ನಿಂತ ಒಂದು ಬಕ. ‘ಇದು ನದಿನೇನೋ? ಹಳ್ಳ ಅನ್ನು. ನಮ್ಮ ಕೆರೆ ಕಾಲುವೆನೇ ಇದಕ್ಕಿಂತ ಅಗಲ ಇತ್ತು’ ಅಂದ್ರು. ಹಾಗಂದವರೇ ಕೆಳಗಿಳಿದು, ಹಳ್ಳ ಆದ್ರೇನು ಹರಿಯೋ ನೀರು ತಾನೇ ಅಂತ ತಲೆಗೆ ನಾಲ್ಕು ಹನಿ ಚಿಮುಕಿಸಿಕೊಂಡ್ರು.

ಇದಕ್ಕೇನಾದ್ರೂ ಕಥೆ ಇದ್ಯಾ? ಭಾನುವಾರ ಎಲ್ಲಿಗೆ ಕರ್ಕೊಂಡ್ ಹೋದ್ರೆ ಅಮ್ಮ ‘ಹೌದಪ್ಪ, ನದಿ’ ಅಂತ ಒಪ್ಕೋತಾರೆ?

ಟೂಟಿಂಗ್_ತಿಂಡಿಪೋತ
ವಾಂಡ್ಸ್‌ವರ್ತ್‌ಗೆ ಕರ್ಕೊಂಡ್ ಹೋಗಿ, ಥೇಮ್ಸ್ ಸೇರೋ ಜಾಗ. ಥೇಮ್ಸ್ ತೋರಿಸಿ ಇದೇ ವ್ಯಾಂಡಲ್ ಅಂದ್ಬಿಡಿ. ಜಗಳ ಮುಗೀತು.

ಹಳೆನಕ್ಷೆ
ತಿಂಡಿಪೋತರೇ, ಹೆತ್ತ ತಾಯಿಗೆ ಸುಳ್ಳು ಹೇಳೋದು ಬೇಡ 😀

ಮಂಜ ಅವರೇ, ನಿಮ್ಮ ಅಮ್ಮನಿಗೆ ಇಷ್ಟು ಹೇಳಿ. ಉದ್ದ ಹದಿನಾಲ್ಕು ಕಿಲೋಮೀಟರ್ ಆಸುಪಾಸು, ಅಷ್ಟೇ. ಒಂದು ಕವಲು ಕ್ರಾಯ್ಡನ್ ಕಡೆಯಿಂದ, ಇನ್ನೊಂದು ಕಾರ್ಶಾಲ್ಟನ್ ಕೊಳಗಳಿಂದ ಬರುತ್ತೆ. ಹ್ಯಾಕ್‌ಬ್ರಿಡ್ಜ್ ಹತ್ರ ಎರಡೂ ಕೂಡಿ ಮಿಚಮ್, ಮರ್ಟನ್, ಅರ್ಲ್ಸ್‌ಫೀಲ್ಡ್ ದಾಟಿ ವಾಂಡ್ಸ್‌ವರ್ತ್‌ನಲ್ಲಿ ಥೇಮ್ಸ್ ಸೇರುತ್ತೆ. ಚಿಕ್ಕದು ನಿಜ. ಆದ್ರೆ ಇಳಿಜಾರು ಜಾಸ್ತಿ, ಬೇಸಿಗೆಯಲ್ಲೂ ನಿಲ್ಲದ ಹರಿವು. ಹಾಗಾಗಿ 1086ರ ಡೂಮ್ಸ್‌ಡೇ ಅನ್ನೋ ಜಮೀನು ಲೆಕ್ಕದಲ್ಲೇ ಇದರ ಮೇಲೆ 13 ನೀರುಗಿರಣಿ ಇದ್ವು. ಆಮೇಲೆ ಹಿಟ್ಟು, ಎಣ್ಣೆ, ತಾಮ್ರ, ಕಾಗದ, ಸಿಡಿಮದ್ದು, ಚರ್ಮ, ಬಟ್ಟೆ, ನಶ್ಯ, ಏನೇನೋ. ಇಷ್ಟು ಪುಟ್ಟ ಮೈಯಲ್ಲಿ ಇಷ್ಟು ದುಡಿದ ನದಿ ಜಗತ್ತಲ್ಲೇ ಇಲ್ಲ ಅಂತ ಇಲ್ಲಿನವರು ಕೊಚ್ಕೋತಾರೆ. ಜಗತ್ತಿನ ಮಾತು ಬಿಡಿ, ಲಂಡನ್ ಸುತ್ತಮುತ್ತ ಅಂತೂ ಇದಕ್ಕೆ ಸಾಟಿ ಕಮ್ಮಿ.

ಹೆಸರಿನದೂ ಒಂದು ತಮಾಷೆ. ವ್ಯಾಂಡಲ್ ಇದ್ದಿದ್ರಿಂದ ವಾಂಡ್ಸ್‌ವರ್ತ್ ಅಂತ ಹೆಸರು ಬಂತು ಅಂದ್ಕೋತೀವಿ, ಅಲ್ಲ. ವಾಂಡ್ಸ್‌ವರ್ತ್ ಅಂದ್ರೆ ವೆಂಡಲ್ ಅನ್ನೋನ ದೊಡ್ಡಿ. ಊರಿನ ಹೆಸರನ್ನ ಒಡೆದು ಆಮೇಲೆ ನದಿಗೆ ಅಂಟಿಸಿದ್ದು.

ಕುಡ್ಲದ_ಕುವರ
ಮಗನ ಹೆಸರು ಅಪ್ಪನಿಗೆ ಇಟ್ಟ ಹಾಗೆ ಆಯ್ತಲ್ಲ ಮಾರಾಯ್ರೆ.

ಧಾರವಾಡ_ಪೇಢಾ
ನಶ್ಯದ ಗಿರಣಿ ಅಂದ್ರ ಏನ್ರೀ? ಮೂಗಿಗೆ ಏರಸೂ ನಶ್ಯ ಏನು?

ಹಳೆನಕ್ಷೆ
ಅದೇ ನಶ್ಯ. ಮಾರ್ಡನ್ ಹಾಲ್ ಪಾರ್ಕ್‌ನಲ್ಲಿ ಗಿರಣಿ ಕಟ್ಟಡ, ಚಕ್ರ ಇವತ್ತಿಗೂ ಇವೆ. ಹ್ಯಾಟ್‌ಫೀಲ್ಡ್ ಮನೆತನದ್ದು. ಒಣಗಿದ ಹೊಗೆಸೊಪ್ಪನ್ನ ನೀರಿನ ಬಲದಲ್ಲಿ ಅರೆದು ನಶ್ಯ ಮಾಡ್ತಿದ್ರು. 1922ರಲ್ಲಿ ನಿಲ್ತು. ಕೊನೆಯ ಯಜಮಾನ 1941ರಲ್ಲಿ ತೀರಿಕೊಂಡಾಗ ಜಾಗ ಹಳೇ ಕಟ್ಟಡ, ತೋಟ ಕಾಪಾಡೋ ನ್ಯಾಷನಲ್ ಟ್ರಸ್ಟ್ ಕೈಗೆ ಬಂತು. ಟ್ರಾಮ್‌ನಲ್ಲಿ ಫಿಪ್ಸ್ ಬ್ರಿಡ್ಜ್‌ನಲ್ಲಿ ಇಳಿದ್ರೆ ಪಕ್ಕದಲ್ಲೇ. ಒಳಗೆ ಹೋಗೋಕೆ ದುಡ್ಡಿಲ್ಲ.

ರೈಲು_ಹುಚ್ಚ
ಟ್ರಾಮ್ ಅಂದ್ರಾ? ಬಂದೆ. ಈ ಕಣಿವೆಯ ನಿಜವಾದ ಹೀರೋ ಸರ್ರೆ ಐರನ್ ರೈಲ್ವೇ. 1801ರಲ್ಲಿ ಸಂಸತ್ತಿನ ಕಾಯ್ದೆ, 1803ರ ಜುಲೈನಲ್ಲಿ ಶುರು. ವಾಂಡ್ಸ್‌ವರ್ತ್‌ನಿಂದ ಕ್ರಾಯ್ಡನ್‌ಗೆ. ಉಗಿ ಇಲ್ಲ, ಎಂಜಿನ್ ಇಲ್ಲ, ಕುದುರೆ ಎಳೀತಿತ್ತು. ಮೊದಲು ಯೋಚನೆ ಮಾಡಿದ್ದು ಕಾಲುವೆ ತೋಡೋದಕ್ಕೆ. ಕಾಲುವೆಗೆ ವ್ಯಾಂಡಲ್ ನೀರು ಬೇಕು, ನೀರು ತೆಗೆದ್ರೆ ಗಿರಣಿಯವರು ಸುಮ್ನೆ ಬಿಡ್ತಾರಾ? ಹಾಗಾಗಿ ವಿಲಿಯಂ ಜೆಸಪ್ ಅನ್ನೋ ಎಂಜಿನಿಯರ್ ಕಬ್ಬಿಣದ ದಾರಿ ಹಾಕಿ ಅಂದ. ಅಂದ್ರೆ ಜಗತ್ತಿನ ಮೊದಲ ಸಾರ್ವಜನಿಕ ರೈಲು ಹುಟ್ಟಿದ್ದು ಈ ‘ಹಳ್ಳ’ದಲ್ಲಿ ನೀರು ಸಾಲದೆ ಬಂದಿದ್ರಿಂದ!

ಇನ್ನೊಂದು. 1805ರಲ್ಲಿ ಇದರ ಮುಂದಿನ ಹಾದಿಯಲ್ಲಿ, ಮರ್ಸ್ಟಮ್ ಕಡೆಯಿಂದ ಕ್ರಾಯ್ಡನ್‌ಗೆ, ಒಂದೇ ಕುದುರೆ ಕಲ್ಲು ತುಂಬಿದ 12 ಗಾಡಿ ಎಳೀತು. ಆರು ಮೈಲಿ, 1 ಗಂಟೆ 41 ನಿಮಿಷ. ಬಾಜಿ ಕಟ್ಟಿದ್ದವರೆಲ್ಲ ಬಾಯಿ ಬಿಟ್ಕೊಂಡು ನೋಡಿದ್ರಂತೆ.

ಗಾಳದ_ಗೋಪಿ
‘ಜಗತ್ತಿನ ಮೊದಲ’ ಅನ್ನೋದು ಸ್ವಲ್ಪ ಜಾಸ್ತಿ ಆಯ್ತು. ವೇಕ್‌ಫೀಲ್ಡ್ ಹತ್ರದ ಲೇಕ್ ಲಾಕ್ ಹಾದಿ 1798ರದ್ದು, ಅದೂ ಕಾಸು ಕೊಟ್ಟವರಿಗೆಲ್ಲ ತೆರೆದಿತ್ತು.

ರೈಲು_ಹುಚ್ಚ
ಅದಕ್ಕೆ ಸಂಸತ್ತಿನ ಕಾಯ್ದೆ ಇರಲಿಲ್ಲ. ಕಾಯ್ದೆ ಪ್ರಕಾರ ಕಂಪನಿ ಕಟ್ಟಿ, ಟೋಲ್ ಇಟ್ಟು, ಯಾರು ಬೇಕಾದ್ರೂ ಗಾಡಿ ತಂದು ಓಡಿಸಿ ಅಂದಿದ್ದು ಇದೇ ಮೊದಲು. ವಾಕ್ಯ ತಿದ್ದಿಕೊಂಡೆ, ಖುಷಿನಾ?

ಗಾಳದ_ಗೋಪಿ
ಪರವಾಗಿಲ್ಲ, ಮಾಫಿ.

ಟೂಟಿಂಗ್_ತಿಂಡಿಪೋತ
ಈಗ ಆ ರೈಲು ಎಲ್ಲಿ?

ರೈಲು_ಹುಚ್ಚ
1846ರಲ್ಲಿ ಮುಚ್ಚಿತು. ಉಗಿ ರೈಲು ಬಂದ್ಮೇಲೆ ಕುದುರೆ ಯಾರಿಗೆ ಬೇಕು? ಆದ್ರೆ ಮಿಚಮ್ ಹತ್ರ ಈಗಿನ ಟ್ರಾಮ್ ಸ್ವಲ್ಪ ದೂರ ಅದೇ ಜಾಡಿನಲ್ಲಿ ಓಡುತ್ತೆ. ಮಂಜ ಅವರು ದಿನಾ ಆಫೀಸಿಗೆ ಹೋಗೋದು ಇನ್ನೂರು ವರ್ಷ ಹಳೇ ಕುದುರೆ ದಾರಿಯಲ್ಲಿ.

ಮಿಚಮ್_ಮಂಜ
ಅದಕ್ಕೇ ಅಷ್ಟು ನಿಧಾನ!

ನೂಲುಂಡೆ
ನಾನು ಹೇಳ್ಬೇಕಾದ್ದು ಇಷ್ಟು ಹೊತ್ತಾದ್ರೂ ಯಾರೂ ಎತ್ತಲಿಲ್ಲ: ಬಟ್ಟೆ. ನಾನು ಟೆಕ್ಸ್‌ಟೈಲ್ ಡಿಸೈನ್ ಓದಿದವಳು, ವ್ಯಾಂಡಲ್ ಅಂದ್ರೆ ನನಗೆ ಮೊದಲು ನೆನಪಾಗೋದು ನೀಲಿ.

ಹತ್ತಿ ಬಟ್ಟೆಗೆ ಇಲ್ಲಿ ಹೇಳೋ ಕ್ಯಾಲಿಕೋ ಅನ್ನೋ ಪದ ಬಂದಿದ್ದು ಕಲ್ಲಿಕೋಟೆಯಿಂದ, ಗೊತ್ತಲ್ವಾ. ಹದಿನೇಳನೇ ಶತಮಾನದಲ್ಲಿ ನಮ್ಮ ಕಡೆಯ ಅಚ್ಚು ಹಾಕಿದ ಹತ್ತಿ ಬಟ್ಟೆಗೆ ಇಂಗ್ಲೆಂಡ್ ಹುಚ್ಚೆದ್ದು ಹೋಗಿತ್ತು. ಇಲ್ಲಿನ ಉಣ್ಣೆ, ರೇಷ್ಮೆ ನೇಕಾರರು ಗಲಾಟೆ ಮಾಡಿದ್ರು. 1700ರ ಕಾಯ್ದೆ ಅಚ್ಚಾದ ಬಟ್ಟೆ ತರಿಸೋದನ್ನ ನಿಲ್ಲಿಸಿತು. ಆದ್ರೆ ಬಿಳಿ ಬಟ್ಟೆ ತರಿಸಿಕೊಂಡು ಇಲ್ಲೇ ಅಚ್ಚು ಹಾಕಬಹುದಿತ್ತಲ್ಲ! ಮಿಚಮ್, ಮರ್ಟನ್ ಸುತ್ತಮುತ್ತ ಅಚ್ಚಿನ ಕೆಲಸ ಬೆಳೆದಿದ್ದರ ಹಿಂದೆ ಈ ಕಿಂಡಿ ಇದೆ. ಫ್ರಾನ್ಸಿನಿಂದ ಓಡಿ ಬಂದ ಹ್ಯೂಗನೋ ಅನ್ನೋ ಪ್ರಾಟೆಸ್ಟೆಂಟ್ ಜನ ಕಸುಬು ತಂದ್ರು, ವ್ಯಾಂಡಲ್ ತಿಳಿ ನೀರು ಕೊಡ್ತು. ನದಿ ಪಕ್ಕದ ಹುಲ್ಲುಗಾವಲಲ್ಲಿ ಸಣ್ಣ ಸಣ್ಣ ಕಾಲುವೆ ತೋಡಿ, ನಡುವಿನ ದಿಬ್ಬದ ಮೇಲೆ ಬಟ್ಟೆ ಹಾಸಿ, ದಿನಗಟ್ಟಲೆ ನೀರು ಎರಚಿ ಬಿಸಿಲಿಗೆ ಬೆಳ್ಳಗೆ ಮಾಡ್ತಿದ್ರು. ಥೇಟ್ ನಮ್ಮ ದೋಬಿ ಘಾಟ್.

1721ರಲ್ಲಿ ಇನ್ನೂ ಬಿಗಿ ಕಾಯ್ದೆ ಬಂತು, ಅಚ್ಚಿನ ಹತ್ತಿ ಬಟ್ಟೆ ಉಡೋದೇ ತಪ್ಪು ಅಂತ. ಅದು 1774ರಲ್ಲಿ ಹೋಯ್ತು. ಅಂದ್ರೆ ನಮ್ಮ ಬಟ್ಟೆ ತಡೆದು, ನಮ್ಮ ಕೈಕೆಲಸ ಕಲಿತು, ನಮ್ಮ ಊರಿನ ಹೆಸರು ಮಾತ್ರ ಉಳಿಸಿಕೊಂಡ್ರು.

ಧಾರವಾಡ_ಪೇಢಾ
ನಮ್ಮ ಊರು ಅಂತೀರಿ, ಕಲ್ಲಿಕೋಟಿ ಕೇರಳದಾಗದ ರೀ.

ನೂಲುಂಡೆ
ಗಡಿ ತಕರಾರು ಶುರು ಮಾಡ್ಬೇಡಿ ಸಾರ್, ಇನ್ನೂ ನೀಲಿಗೇ ಬಂದಿಲ್ಲ 😅

1881ರಲ್ಲಿ ವಿಲಿಯಂ ಮಾರಿಸ್ ಅನ್ನೋ ಹೆಸರಾಂತ ವಿನ್ಯಾಸಕಾರ ತನ್ನ ಕಾರ್ಖಾನೆಯನ್ನ ಮರ್ಟನ್ ಆ್ಯಬಿಗೆ ತಂದ. ರಾಸಾಯನಿಕ ಬಣ್ಣ ಕಂಡ್ರೆ ಆಗದ ಮನುಷ್ಯ. ಇಲ್ಲಿ ನೀಲಿಯ ದೊಡ್ಡ ದೊಡ್ಡ ತೊಟ್ಟಿ ಇಟ್ಕೊಂಡು ‘ಇಂಡಿಗೋ ಡಿಸ್ಚಾರ್ಜ್’ ಪದ್ಧತಿ ಪಳಗಿಸಿದ. ಹೇಗೆ ಅಂದ್ರೆ, ಇಡೀ ಬಟ್ಟೆಯನ್ನ ಮೊದಲು ನೀಲಿಯಲ್ಲಿ ಅದ್ದೋದು. ತೊಟ್ಟಿಯಿಂದ ಎತ್ತಿದಾಗ ಹಸಿರು, ಗಾಳಿ ತಾಗ್ತಾ ತಾಗ್ತಾ ಕಣ್ಮುಂದೆ ನೀಲಿಗೆ ತಿರುಗುತ್ತೆ. ಆಮೇಲೆ ಬ್ಲೀಚ್ ಹಚ್ಚಿದ ಮರದ ಅಚ್ಚು ಒತ್ತಿ ಎಲ್ಲಿ ಬೇಕೋ ಅಲ್ಲಿ ನೀಲಿ ತೆಗೆಯೋದು. ಬಿಳಿ ಬಿದ್ದ ಕಡೆ ಮಂಜಿಷ್ಠದ ಕೆಂಪು, ಆಮೇಲೆ ಹಳದಿ. ಒಂದೊಂದು ಬಣ್ಣಕ್ಕೂ ತೊಳೀಬೇಕು. ತೊಳೆದಿದ್ದು ವ್ಯಾಂಡಲ್‌ನಲ್ಲಿ. ತನ್ನ ವಿನ್ಯಾಸಗಳಿಗೆ ಥೇಮ್ಸ್ ಉಪನದಿಗಳ ಹೆಸರಿಟ್ಟ: ಈವನ್‌ಲೋಡ್, ಕೆನೆಟ್, ವೇ, ಕ್ರೇ. 1884ರಲ್ಲಿ ‘ವ್ಯಾಂಡಲ್’. ದಪ್ಪ ಓರೆ ಪಟ್ಟೆ, ಅದರ ಮೇಲೆ ದೈತ್ಯ ಹೂ. ಹಿಂದಿರೋ ನದಿ ಅಷ್ಟಗಲ, ಬಟ್ಟೆ ಮೇಲಿನ ನದಿ ಇಷ್ಟಗಲ!

ಕುಡ್ಲದ_ಕುವರ
ಆ ಕಾಲದಲ್ಲಿ ನೀಲಿ ಬರ್ತಾ ಇದ್ದದ್ದೇ ಹೆಚ್ಚಾಗಿ ಬಂಗಾಳ, ಬಿಹಾರದಿಂದ ಅಲ್ವಾ? 1859ರಲ್ಲಿ ಅಲ್ಲಿ ರೈತರು ನೀಲಿ ಬೆಳೆಯುದಿಲ್ಲ ಅಂತ ದಂಗೆ ಎದ್ದದ್ದು. ಸಮಾಜವಾದಿ ಮಾರಿಸ್ ಸಾಹೇಬ್ರಿಗೆ ಅದು ಗೊತ್ತಿತ್ತಾ ಅಂತ ಕೇಳ್ಬೇಕು.

ನೂಲುಂಡೆ
ಕೇಳ್ಬೇಕಾದ ಪ್ರಶ್ನೆನೇ. ಆದ್ರೂ ಆ ಬಟ್ಟೆ ಮುಂದೆ ನಿಂತ್ರೆ ನನಗೆ ಬೈಯೋಕೆ ಬಾಯಿ ಬರಲ್ಲ.

ಬಯಲುಸೀಮೆ_ಹುಡ್ಗಿ
ನಾನು ಮರ್ಟನ್‌ನಲ್ಲಿ ನಾಲ್ಕು ವರ್ಷ ಇದ್ದೆ. ವಾರ ವಾರ ತರಕಾರಿ ತರ್ತಿದ್ದ ದೊಡ್ಡ ಸೂಪರ್‌ಮಾರ್ಕೆಟ್ ನಿಂತಿರೋದು ಹಳೇ ಮಠದ ಜಾಗದಲ್ಲಿ ಅಂತ ಗೊತ್ತಾಗಿದ್ದು ಮನೆ ಖಾಲಿ ಮಾಡುವಾಗ. ಮರ್ಟನ್ ಪ್ರಯರಿ, ಹನ್ನೆರಡನೇ ಶತಮಾನದ್ದು. ಮುಂದೆ ಆರ್ಚ್‌ಬಿಷಪ್ ಆದ ಥಾಮಸ್ ಬೆಕೆಟ್ ಓದಿದ್ದು ಅಲ್ಲಿ. 1236ರಲ್ಲಿ ರಾಜ ಮತ್ತು ಪಾಳೇಗಾರರು ಸೇರಿ ಮರ್ಟನ್ ಶಾಸನ ಅನ್ನೋ ಕಾನೂನು ಮಾಡಿದ್ದೂ ಅಲ್ಲೇ. ಎಂಟನೇ ಹೆನ್ರಿ 1538ರಲ್ಲಿ ಮಠ ಒಡೆಸಿ, ಕಲ್ಲು ಹೊರಿಸಿ ನಾನ್‌ಸಚ್ ಅರಮನೆಗೆ ಹಾಕಿಸಿದ. ಆ ಅರಮನೆನೂ ಈಗಿಲ್ಲ. ಮಠದ ಸಭಾಮಂದಿರದ ಅಡಿಪಾಯ ಹೆದ್ದಾರಿ ಕೆಳಗಿದೆ. ಮೇಲೆ ಕಾರು ಹೋದಾಗೆಲ್ಲ ಗುಡುಗು ಬಂದ ಹಾಗೆ ಆಗುತ್ತೆ.

ಟೂಟಿಂಗ್_ತಿಂಡಿಪೋತ
ಕೊತ್ತಂಬರಿ ಸೊಪ್ಪಿನ ಕೆಳಗೆ ಸನ್ಯಾಸಿಗಳು.

ಹಳೆನಕ್ಷೆ
ಇನ್ನು ನೆಲ್ಸನ್ ಬಾಕಿ, ಬ್ರಿಟಿಷ್ ನೌಕಾಪಡೆಯ ಸೇನಾನಿ. 1801ರಲ್ಲಿ ಮರ್ಟನ್ ಪ್ಲೇಸ್ ಅನ್ನೋ ಮನೆಯನ್ನ 9,000 ಪೌಂಡಿಗೆ ಕೊಂಡು ಎಮ್ಮಾ ಹ್ಯಾಮಿಲ್ಟನ್ ಜೊತೆ ಇದ್ದ. ಆಕೆಯ ಗಂಡ ಸರ್ ವಿಲಿಯಂ ಕೂಡ ಅದೇ ಮನೆಯಲ್ಲಿ. ತೋಟದೊಳಗೆ ಹರೀತಿದ್ದ ವ್ಯಾಂಡಲ್ ಕಾಲುವೆಗೆ ಅವರು ಇಟ್ಟ ಹೆಸರು ‘ನೈಲ್’. 1805ರ ಸೆಪ್ಟೆಂಬರ್‌ನಲ್ಲಿ ಆ ಮನೆಯಿಂದ ಹೊರಟವನು ಟ್ರಫಾಲ್ಗರ್ ಕದನದಿಂದ ವಾಪಸ್ ಬರಲಿಲ್ಲ.

ಧಾರವಾಡ_ಪೇಢಾ
ಗಂಡನೂ ಅಲ್ಲೇ, ಇಂವನೂ ಅಲ್ಲೇ? ಯಪ್ಪಾ. ಇದು ಬಿಟ್ಟು ಹಿಟ್ಟಿನ ಗಿರಣಿ ಕಥಿ ಹೇಳ್ತಿದ್ರಲ್ಲ ಇಷ್ಟೊತ್ತು.

ಗಾಳದ_ಗೋಪಿ
ನೆಲ್ಸನ್ ಇಲ್ಲಿ ಟ್ರೌಟ್ ಮೀನು ಹಿಡೀತಿದ್ದ. ಬಲಗೈ 1797ರಲ್ಲೇ ಹೋಗಿತ್ತು, ಎಡಗೈಯಲ್ಲಿ ಗಾಳ. ನನಗೆ ಎರಡು ಕೈ ಇದ್ದೂ ಆರು ವರ್ಷದಲ್ಲಿ ಈ ನದಿಯಲ್ಲಿ ಸಿಕ್ಕಿದ್ದು ಮೂರು ಟ್ರೌಟ್, ಒಂದು ಬೂಟು. ಮೂರೂ ವಾಪಸ್ ಬಿಟ್ಟೆ. ಬೂಟು ಇದೆ.

ರೈಲು_ಹುಚ್ಚ
ಇಲ್ಲಿ ನಮ್ಮ ಕಡೆಗೊಂದು ಕೊಂಡಿ ಇದೆ. ಆ ‘ನೈಲ್’ ಅಂದ್ರೆ 1798ರ ಆಗಸ್ಟ್ 1ರ ಕದನ, ಈಜಿಪ್ಟ್ ಕರಾವಳಿಯಲ್ಲಿ ನೆಪೋಲಿಯನ್ನನ ಹಡಗುಪಡೆಯನ್ನ ನೆಲ್ಸನ್ ಸದೆಬಡಿದಿದ್ದು. ಫ್ರೆಂಚರು ಈಜಿಪ್ಟಿಂದ ಟಿಪ್ಪು ಸಹಾಯಕ್ಕೆ ಬರ್ತಾರೆ ಅಂತ ಈಸ್ಟ್ ಇಂಡಿಯಾ ಕಂಪನಿಗೆ ನಡುಕ ಇತ್ತು. ಗೆದ್ದ ಕೂಡಲೇ ನೆಲ್ಸನ್ ಒಬ್ಬ ಲೆಫ್ಟಿನೆಂಟ್‌ನನ್ನ ನೆಲದ ದಾರಿಯಲ್ಲಿ ಬೊಂಬಾಯಿಗೆ ಓಡಿಸಿದ, ಭಯ ಬೇಡ ಅಂತ ತಿಳಿಸೋಕೆ. ಕಂಪನಿ ಖುಷಿಯಾಗಿ ಅವನಿಗೆ 10,000 ಪೌಂಡ್ ಇನಾಮು ಕೊಡ್ತು. 1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಅಂದ್ರೆ ವ್ಯಾಂಡಲ್ ದಡದ ಮನೆ ಕೊಂಡಿದ್ದು ನಮ್ಮ ದುಡ್ಡಲ್ಲಿ!

ಕುಡ್ಲದ_ಕುವರ
ಎಲ್ಲದಕ್ಕೂ ಟಿಪ್ಪು ಎಳೀಬೇಡಿ ಮಾರಾಯ್ರೆ. ಮುಂದಿನ ಐವತ್ತು ಕಾಮೆಂಟು ಅದೇ ಆಗ್ತದೆ.

ಹಳೆನಕ್ಷೆ
ಕೊಂಡಿ ಸರಿ, ಕೊನೆ ಸಾಲು ಹಾರಿಕೆ. ಇನಾಮು ಬಂದಿದ್ದು ನೈಲ್ ಕದನಕ್ಕೆ, ಶ್ರೀರಂಗಪಟ್ಟಣದ ಲೂಟಿಯಿಂದ ಅಲ್ಲ. ಮರ್ಟನ್ ಮನೆ ಕೊಳ್ಳೋಕೆ ನೆಲ್ಸನ್ ಸಾಲ ಮಾಡಿದ್ದ. ನೆಪೋಲಿಯನ್ ಕೈರೋದಿಂದ ಟಿಪ್ಪುಗೆ ಬರೆದ ಕಾಗದ ದಾರಿಯಲ್ಲೇ ಇಂಗ್ಲಿಷರ ಕೈಗೆ ಬಿದ್ದಿದ್ದು ನಿಜ. ಈಗ ಮನೆ ಇಲ್ಲ. ನೆಲ್ಸನ್ ರೋಡ್, ಹ್ಯಾಮಿಲ್ಟನ್ ರೋಡ್, ಹಾರ್ಡಿ ರೋಡ್ ಅಂತ ಬೀದಿಗಳಿವೆ, ಅಷ್ಟೇ. ಟಿಪ್ಪು ಚಾಪ್ಟರ್ ಇಲ್ಲಿಗೆ ಕ್ಲೋಸ್, ಪ್ಲೀಸ್.

ಮಿಚಮ್_ಮಂಜ
ಅಬ್ಬಾ, ಇಷ್ಟೆಲ್ಲಾ ಇದ್ಯಾ. ಇದನ್ನೆಲ್ಲ ರಾತ್ರಿ ಊಟಕ್ಕೆ ಕೂತಾಗ ಓದಿ ಹೇಳ್ದೆ. ಅಮ್ಮ ಕೇಳಿದ್ದು ಒಂದೇ: ‘ಅಷ್ಟು ಬಣ್ಣ, ಚರ್ಮ, ಎಲ್ಲ ಆ ನೀರಿಗೇ ಬಿಟ್ರಾ? ನಾನು ತಲೆಗೆ ಹಾಕ್ಕೊಂಡೆನಲ್ಲೋ!’

ಗಾಳದ_ಗೋಪಿ
ಹೇಳ್ಬೇಕೋ ಬೇಡ್ವೋ ಗೊತ್ತಿಲ್ಲ. 1960ರ ದಶಕದಲ್ಲಿ ಈ ನದಿಯನ್ನ ಚರಂಡಿ ಅಂತಲೇ ಲೆಕ್ಕಕ್ಕೆ ತಗೊಂಡಿದ್ರು. ನಮ್ಮ ಗಾಳದ ಗುಂಪಿನ ಹಿರಿಯರೊಬ್ಬರು ಹೇಳ್ತಾರೆ, ಶಾಲೆಗೆ ಹೋಗುವಾಗ ನೀರಿನ ಬಣ್ಣ ನೋಡಿ ಇವತ್ತು ಕಾರ್ಖಾನೆಯಲ್ಲಿ ಯಾವ ಬಣ್ಣದ ಕೆಲಸ ಅಂತ ಹೇಳ್ಬಹುದಿತ್ತಂತೆ. ಕೆಂಪು ದಿನ, ನೀಲಿ ದಿನ. ಈಗ ಅಷ್ಟಿಲ್ಲ. ಆದ್ರೆ ಬೆಡಿಂಗ್‌ಟನ್‌ನಲ್ಲಿ ಕೊಳಚೆ ಶುದ್ಧೀಕರಣ ಘಟಕ ಇದೆ, ಅದರ ಕೆಳಗೆ ಬೇಸಿಗೆಯಲ್ಲಿ ಹರಿಯೋ ನೀರಲ್ಲಿ ಬಹುಪಾಲು ಅಲ್ಲಿಂದ ಶುದ್ಧವಾಗಿ ಬಂದಿದ್ದೇ. ಮಿಚಮ್ ಅದರ ಕೆಳಗಿದೆ. ಅಮ್ಮನಿಗೆ ಹೇಳ್ಬೇಡಿ.

2007ರ ಸೆಪ್ಟೆಂಬರ್‌ನಲ್ಲಿ ಆ ಘಟಕದಿಂದ ತೊಳೆಯೋ ರಾಸಾಯನಿಕ ನದಿಗೆ ಸೇರಿ ಸಾವಿರಾರು ಮೀನು ಸತ್ತು ತೇಲಿದ್ವು. ವರ್ಷಗಟ್ಟಲೆ ಕಷ್ಟಪಟ್ಟು ಮೀನು ತಂದು ಬಿಟ್ಟಿದ್ದವರು ದಡದಲ್ಲಿ ಕೂತು ಅತ್ತಿದ್ರಂತೆ. ಮತ್ತೆ ಮೊದಲಿಂದ ಶುರು ಮಾಡಿದ್ರು.

ಬಯಲುಸೀಮೆ_ಹುಡ್ಗಿ
ನನ್ನ ಮಗಳ ಕ್ಲಾಸಲ್ಲಿ ಟ್ರೌಟ್ ಮೊಟ್ಟೆ ಸಾಕಿದ್ರು! ಜನವರಿಯಲ್ಲಿ ಒಂದು ತೊಟ್ಟಿ, ಅದಕ್ಕೊಂದು ಕೂಲರ್, ಸಾಬುದಾನಿ ಥರ ಮೊಟ್ಟೆ, ಒಂದೊಂದರಲ್ಲೂ ಎರಡು ಕಪ್ಪು ಕಣ್ಣು. ವಸಂತದಲ್ಲಿ ಮಕ್ಕಳೇ ಪ್ಲಾಸ್ಟಿಕ್ ಲೋಟದಲ್ಲಿ ಮರಿ ತಗೊಂಡು ಹೋಗಿ ನದಿಗೆ ಬಿಟ್ರು. ನನ್ನ ಮಗಳು ಅವಳ ಮೀನಿಗೆ ‘ಚಕ್ಲಿ’ ಅಂತ ಹೆಸರಿಟ್ಟು, ಮನೆಗೆ ಬಂದು ಒಂದು ಗಂಟೆ ಅತ್ಳು.

ಗಾಳದ_ಗೋಪಿ
ಅಯ್ಯೋ, ನಾನು ಹಿಡಿದ ಮೂರರಲ್ಲಿ ಒಂದು ಚಕ್ಲಿ ಇರ್ಬಹುದು. ಬಿಟ್ಟಿದ್ದೀನಿ, ಚಿಂತೆ ಬೇಡ ಅಂತ ಹೇಳಿ.

ಟೂಟಿಂಗ್_ತಿಂಡಿಪೋತ
ಚಕ್ಲಿ ಅಂದ್ರಲ್ಲ, ನಮ್ಮೂರ ಥರ ಬೆಣ್ಣೆ ಚಕ್ಲಿ ಟೂಟಿಂಗ್‌ನಲ್ಲಿ ಎಲ್ಲಿ ಸಿಗುತ್ತೆ? ಸಿಗೋದೆಲ್ಲ ಮುರುಕ್ಕು.

ಹಳೆನಕ್ಷೆ
ವಿಷಯಕ್ಕೆ ಬನ್ನಿ. ಮಂಜ ಅವರೇ, ಭಾನುವಾರ ಕೆಳಗೆ ಹೋಗ್ಬೇಡಿ, ಮೇಲಕ್ಕೆ ಹೋಗಿ. ಕಾರ್ಶಾಲ್ಟನ್ ಕೊಳ. ನಾರ್ತ್ ಡೌನ್ಸ್ ಗುಡ್ಡದ ಒಳಗೆಲ್ಲ ಸೀಮೆಸುಣ್ಣದ ಕಲ್ಲು. ಮಳೆ ನೀರು ಅದರಲ್ಲಿ ತಿಂಗಳುಗಟ್ಟಲೆ ಇಳಿದು, ಸೋಸಿ, ಗುಡ್ಡದ ಬುಡದಲ್ಲಿ ಒರತೆಯಾಗಿ ಏಳುತ್ತೆ. ಅದಕ್ಕೇ ಇದನ್ನ ಚಾಕ್ ಸ್ಟ್ರೀಮ್ ಅನ್ನೋದು. ಜಗತ್ತಿನ ಇಂಥ ಹೊಳೆಗಳಲ್ಲಿ ಬಹುಪಾಲು ಇಂಗ್ಲೆಂಡಿನಲ್ಲೇ ಇವೆ. ಒರತೆ ನೀರು ಚಳಿಗಾಲ ಬೇಸಿಗೆ ಎರಡರಲ್ಲೂ ಹತ್ತು ಡಿಗ್ರಿ ಆಸುಪಾಸು. ಟ್ರೌಟ್‌ಗೆ ಅದೇ ಬೇಕು.

ಅಲ್ಲೊಂದು ಆ್ಯನ್ ಬೊಲೀನ್ ಬಾವಿ ಇದೆ, ಎಂಟನೇ ಹೆನ್ರಿಯ ರಾಣಿ ಹೆಸರಲ್ಲಿ. ರಾಣಿಯ ಕುದುರೆ ಗೊರಸು ಊರಿದ ಕಡೆ ನೀರು ಚಿಮ್ಮಿತು ಅಂತ ಕಥೆ.

ಕುಡ್ಲದ_ಕುವರ
ನಮ್ಮಲ್ಲಿ ಭೀಮ ಗದೆ ಊರಿದ್ದು, ರಾಮ ಬಾಣ ಬಿಟ್ಟದ್ದು. ಇಲ್ಲಿ ಕುದುರೆ. ನೀರು ತಾನಾಗಿ ಬಂತು ಅಂದ್ರೆ ಯಾರೂ ನಂಬುದಿಲ್ಲ.

ಹಳೆನಕ್ಷೆ
ಬೊಲೀನ್ ಅನ್ನೋದೇ ಬಹುಶಃ ಬುಲೋನ್ ಅನ್ನೋ ಫ್ರಾನ್ಸಿನ ಊರ ಹೆಸರಿನ ಅಪಭ್ರಂಶ. ಹಿಂದೆ ಬುಲೋನ್‌ನ ಕೌಂಟ್‌ಗಳಿಗೆ ಇಲ್ಲಿ ಜಮೀನಿತ್ತು. ರಾಣಿಗೂ ಬಾವಿಗೂ ಸಂಬಂಧ ಇರಲಾರದು.

ಹತ್ರದಲ್ಲೇ ಮಾರ್ಗರೆಟ್ಸ್ ಪೂಲ್. ಗಾಂಧೀಜಿ ಮೇಲೆ ಅಷ್ಟು ಪ್ರಭಾವ ಬೀರಿದ ಲೇಖಕ ಜಾನ್ ರಸ್ಕಿನ್ ತನ್ನ ತಾಯಿ ನೆನಪಿಗೆ ಚೊಕ್ಕ ಮಾಡಿಸಿದ ಒರತೆ ಅದು. ತಾಯಿ ಕ್ರಾಯ್ಡನ್‌ನವರು. ಜನ ಈ ತಿಳಿ ನೀರಿಗೆ ಮನೆ ಕಸ ಸುರೀತಾರಲ್ಲ ಅಂತ ಆತ 1866ರಲ್ಲೇ ಸಿಟ್ಟಿನಿಂದ ಬರೆದಿದ್ದ. ಟ್ರಾಲಿ ಇರಲಿಲ್ಲ ಆಗ, ಅಷ್ಟೇ ವ್ಯತ್ಯಾಸ.

ಧಾರವಾಡ_ಪೇಢಾ
ಟ್ರಾಲಿ ತಗ್ಯಾಕ ಯಾರೂ ಇಲ್ಲೇನು?

ಗಾಳದ_ಗೋಪಿ
ಇದ್ದಾರೆ. ವ್ಯಾಂಡಲ್ ಟ್ರಸ್ಟ್‌ನವರು ತಿಂಗಳಿಗೊಂದು ಭಾನುವಾರ ನೀರಿಗಿಳೀತಾರೆ. ಎದೆ ತನಕ ರಬ್ಬರ್ ಚೊಣ್ಣ ಹಾಕ್ಕೊಂಡು ನಾನೂ ಹೋಗಿದ್ದೆ. ನನ್ನ ಪಾಲಿಗೆ ಒಂದು ಮೋಟರ್‌ಬೈಕಿನ ಚಕ್ರ, ಒಂದು ಮಗುವಿನ ಗಾಡಿ. ಮಂಜ, ನಿಮ್ಮ ಟ್ರಾಲಿ ಯಾವ ಸೇತುವೆ ಹತ್ರ ಹೇಳಿ, ಮುಂದಿನ ಸಲ ಎತ್ತೋಣ.

ಮಿಚಮ್_ಮಂಜ
ವರದಿ ಒಪ್ಪಿಸ್ತಾ ಇದ್ದೀನಿ. ಇವತ್ತು ಕಾರ್ಶಾಲ್ಟನ್‌ಗೆ ಹೋಗಿದ್ವಿ. ಈ ಚಳಿಗಾಲ ಮಳೆ ಚೆನ್ನಾಗಿ ಬಿದ್ದಿದೆ, ಕೊಳ ತುಂಬಿತ್ತು, ಬಾತುಕೋಳಿಗಳ ಗಲಾಟೆ. ಅಮ್ಮ ಮೊದಲು ಸುಮ್ನೆ ನೋಡ್ತಾ ನಿಂತಿದ್ರು. ಒಂದು ಕಡೆ ಅಂಚಿನ ಕಲ್ಲುಗಳ ಸಂದಿಯಿಂದ ನೀರು ಸಣ್ಣಗೆ ಒಸರ್ತಾ, ಕೆಳಗಿನ ಬಿಳಿ ಮರಳನ್ನ ಪುಳಪುಳ ಅಂತ ಕದಲಿಸ್ತಾ ಇತ್ತು. ಅಲ್ಲಿ ಕುಕ್ಕರಗಾಲಲ್ಲಿ ಕೂತ್ಕೊಂಡ್ರು. ಕೈ ಅದ್ದಿದ್ರು. ‘ಮಂಜಾ, ಇದು ತಲಪರಿಗೆ ಕಣೋ!’ ಅಂದ್ರು.

ಗೊತ್ತಿಲ್ಲದವರಿಗೆ: ನಮ್ಮ ಮಧುಗಿರಿ, ಕೊರಟಗೆರೆ, ಪಾವಗಡ ಕಡೆ ಮರಳಲ್ಲಿ ತಾನಾಗೇ ಉಕ್ಕೋ ಒರತೆಗೆ ತಲಪರಿಗೆ ಅಂತಾರೆ. ಅದರಿಂದ ಕಾಲುವೆ ತೆಗೆದು ಗದ್ದೆಗೆ ಹಾಯಿಸ್ತಿದ್ರು. ವರ್ಷಕ್ಕೊಮ್ಮೆ ಊರವರೆಲ್ಲ ಸೇರಿ ಹೂಳು ತೆಗೀತಿದ್ರು, ಅಮ್ಮನೂ ಹುಡುಗಿಯಾಗಿದ್ದಾಗ ಬುಟ್ಟಿ ಹೊತ್ತಿದ್ದಾರೆ. ಸುತ್ತ ಬೋರ್‌ವೆಲ್ ಬಂದ್ವು, ನಮ್ಮೂರ ತಲಪರಿಗೆ ಬತ್ತಿ ಹೋಯ್ತು. ನಾನಂತೂ ನೀರಿದ್ದಿದ್ದನ್ನ ನೋಡಿಲ್ಲ.

ಹಳೆನಕ್ಷೆ
ಆ ಪದ ಕೇಳಿರಲಿಲ್ಲ. ಒರತೆಗಿಂತ ಚೆನ್ನಾಗಿದೆ. ಬೇಜಾರಿನ ಸಂಗತಿ ಅಂದ್ರೆ ಕಾರ್ಶಾಲ್ಟನ್‌ನದ್ದೂ ಅದೇ ಕಥೆ. ಕುಡಿಯೋ ನೀರಿಗೆ ಅಂತ ಸುಣ್ಣಕಲ್ಲಿನೊಳಗಿಂದ ಪಂಪ್ ಮಾಡಿ ಮಾಡಿ, ಒಣ ವರ್ಷಗಳಲ್ಲಿ ಒರತೆ ಏಳೋದಿಲ್ಲ. ಆಗ ನದಿಯ ಕೆಳಭಾಗದಿಂದ ನೀರನ್ನ ಪೈಪಲ್ಲಿ ಮೇಲಕ್ಕೆ ತಂದು ಕೊಳಕ್ಕೆ ಬಿಡ್ತಾರೆ. ನೀವು ಒಳ್ಳೆ ವರ್ಷದಲ್ಲಿ ಹೋದ್ರಿ.

ಬಯಲುಸೀಮೆ_ಹುಡ್ಗಿ
ಕ್ರಾಯ್ಡನ್ ಕಡೆ ಹೋದ್ರೆ ವ್ಯಾಂಡಲ್ ಪಾರ್ಕ್ ನೋಡಿ. ಅಲ್ಲಿ ನದಿಯನ್ನ ಎಷ್ಟೋ ವರ್ಷ ಪೈಪ್ ಒಳಗೆ ಹೂತಿಟ್ಟಿದ್ರು. 2012ರಲ್ಲಿ ಅಗೆದು ಹೊರಗೆ ತಂದ್ರು. ಬೇಸಿಗೆಯಲ್ಲಿ ಮಕ್ಕಳು ಕಾಲು ಇಳಿಬಿಟ್ಕೊಂಡು ಕೂತಿರ್ತಾವೆ.

ರೈಲು_ಹುಚ್ಚ
ಕೊನೆಗೆ ತೀರ್ಪು ಏನು? ನದಿನಾ, ಹಳ್ಳನಾ?

ಮಿಚಮ್_ಮಂಜ
ಅಮ್ಮನ ತೀರ್ಪು: ಕಾರ್ಶಾಲ್ಟನ್‌ನಲ್ಲಿ ತಲಪರಿಗೆ, ಮಿಚಮ್‌ನಲ್ಲಿ ಹಳ್ಳ, ನದಿ ಎಲ್ಲೂ ಅಲ್ಲ. ಅಪೀಲಿಗೆ ಅವಕಾಶ ಇಲ್ಲ.

ಬರೋವಾಗ ಮಾರ್ಡನ್ ಹಾಲ್‌ಗೂ ಹೋಗಿದ್ವಿ. ಗಿರಣಿ ಚಕ್ರದ ಮುಂದೆ ಐದು ನಿಮಿಷ ನಿಂತು, ‘ನಿಮ್ಮ ತಾತಂಗೆ ಇದನ್ನ ತೋರಿಸ್ಬೇಕಿತ್ತು’ ಅಂದ್ರು. ತಾತ ಮೂರು ಹೊತ್ತೂ ನಶ್ಯ ಏರಿಸ್ತಿದ್ದೋರು, ಬೆಳ್ಳಿ ಡಬ್ಬಿ ಇನ್ನೂ ಮನೆಯಲ್ಲಿದೆ. ಈಗ ಅದನ್ನ ಊರಿಂದ ತರಿಸಿ ಇಲ್ಲಿಗೆ ಕೊಡೋಣ, ಇವರು ತಗೋತಾರಾ ಕೇಳು ಅಂತ ನನ್ನ ತಲೆ ತಿಂತಾ ಇದ್ದಾರೆ. ಯಾರಿಗಾದ್ರೂ ಗೊತ್ತಾ, ಯಾರನ್ನ ಕೇಳ್ಬೇಕು?

ಧಾರವಾಡ_ಪೇಢಾ
ಡಬ್ಬ್ಯಾಗ ಏನರ ಉಳದೈತೇನು ಮೊದಲ ನೋಡ್ರಿ.